ಸಿಡಿಲು ಹೊಡೆದ ಮೇಲೆ ಹೊರಗೆ ಬರುವವರು ಯಾರು?

ಮಾನ್ಯ ಕಡಲತೀರ ಸುರಕ್ಷತಾ ಅಧಿಕಾರಿಗಳೇ,

ತಾವು ಕಾರು ನಿಲ್ಲಿಸುವ ಜಾಗದಿಂದ ನಲವತ್ತು ಹೆಜ್ಜೆ ದೂರದಲ್ಲಿ, ಮರಳು ಶುರುವಾಗುವ ಕಡೆ, ತಮ್ಮ ಕಚೇರಿಯ ಮುದ್ರೆ ಹೊತ್ತ ಒಂದು ಫಲಕ ನಿಂತಿದೆ. ‘ಸಿಡಿಲು ಹೊಡೆದರೆ ಕೂಡಲೇ ನೀರಿನಿಂದ ಹೊರಗೆ ಬನ್ನಿ’ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿದೆ. ಆ ಫಲಕ ಹೋದ ವರ್ಷ ಒಬ್ಬ ಮನುಷ್ಯನನ್ನು ಕೊಂದಿತು. ಗುಡುಗಿನ ಕಾಲ ಶುರುವಾಗಲು ಇನ್ನು ಎರಡು ವಾರವಿದೆ. ಅಷ್ಟರೊಳಗೆ ಅದನ್ನು ಬದಲಾಯಿಸಿ ಎಂದು ತಮ್ಮ ಕಚೇರಿಗೆ ಹನ್ನೊಂದು ಅರ್ಜಿ ಕೊಟ್ಟಿದ್ದೇನೆ. ಹನ್ನೊಂದರ ಮೇಲೂ ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಬಿದ್ದಿದೆ. ಮೊಹರಿನ ಮಸಿ ಬಹಳ ಒಳ್ಳೆಯದು, ಬೆವರಿನ ಕೈಯಲ್ಲಿ ಉಜ್ಜಿದರೂ ಹೋಗುವುದಿಲ್ಲ. ಆದ್ದರಿಂದ ಹನ್ನೆರಡನೆಯದನ್ನು ಊರಿನವರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ. ‘ಐ ಬೆಗ್ ಟು ಸ್ಟೇಟ್’ ಎಂದು ಅರ್ಜಿ ಶುರು ಮಾಡುವುದು ನಮಗೆ ಕಾಲೇಜಿನಲ್ಲಿ ಕಲಿಸಿದ ಪದ್ಧತಿ. ಬೆಗ್ ಮಾಡಿ ಮಾಡಿ ಸಾಕಾಗಿದೆ. ಇವತ್ತು ಬರೀ ಸ್ಟೇಟ್ ಮಾಡುತ್ತೇನೆ.

ಆ ವಾಕ್ಯದಲ್ಲಿ ತಪ್ಪೇನಿದೆ ಎಂದು ತಾವು ಕೇಳಬಹುದು. ಒಮ್ಮೆ ಕೇಳಿದ್ದೀರಿ ಕೂಡ. ದಯವಿಟ್ಟು ಇನ್ನೊಮ್ಮೆ, ನಿಧಾನವಾಗಿ ಓದಿ. ಸಿಡಿಲು ಹೊಡೆದರೆ ಹೊರಗೆ ಬನ್ನಿ. ಯಾರು ಬರಬೇಕು? ಹೊಡೆಸಿಕೊಂಡವನೇ ಎದ್ದು, ಮೈ ಒರೆಸಿಕೊಂಡು, ಚಪ್ಪಲಿ ಹುಡುಕಿಕೊಂಡು ಬರಬೇಕೇ? ಅಥವಾ ಅವನ ಗತಿ ನೋಡಿ ಪಕ್ಕದವನು ಬುದ್ಧಿ ಕಲಿತು ಬರಬೇಕೇ? ಹಾಗಾದರೆ ಪ್ರತಿ ಸಲ ಮೊದಲನೆಯವನು ಯಾರಾಗಬೇಕು ಎಂದು ತಮ್ಮ ಕಚೇರಿಯೇನಾದರೂ ಚೀಟಿ ಎತ್ತುತ್ತದೆಯೇ? ನಮ್ಮ ಭಾಷೆಯಲ್ಲಿ ಆಕಾಶದ ಈ ಒಂದು ಸಿಟ್ಟಿಗೆ ಮೂರು ಮಾತುಗಳಿವೆ. ಮಿಂಚು ಕಣ್ಣಿಗೆ, ಗುಡುಗು ಕಿವಿಗೆ, ಸಿಡಿಲು ಮೈಗೆ. ಮೊದಲಿನ ಎರಡು ಎಚ್ಚರಿಕೆ. ಮೂರನೆಯದು ಬಂದ ಮೇಲೆ ಎಚ್ಚರಿಕೆಗೆ ಕೆಲಸವಿಲ್ಲ. ಇಂಗ್ಲಿಷಿನವರು ಮಿಂಚಿಗೂ ಲೈಟ್ನಿಂಗ್ ಅನ್ನುತ್ತಾರೆ, ಸಿಡಿಲಿಗೂ ಲೈಟ್ನಿಂಗ್ ಅನ್ನುತ್ತಾರೆ. ಆ ಪದದ ನಡುವೆ ಒಂದು ‘ಇ’ ಸೇರಿಸಿದರೆ ಅರ್ಥವೇ ಬೇರೆ ಎಂದು ನಮ್ಮ ಇಂಗ್ಲಿಷ್ ಲೆಕ್ಚರರ್ ಅರ್ಧ ಪೀರಿಯಡ್ ಹೇಳಿದ್ದರು. ‘ಇ’ ಇದ್ದರೆ ಆಕಾಶದ್ದೋ, ಇಲ್ಲದಿದ್ದರೆ ಆಕಾಶದ್ದೋ, ಅದು ಮಾತ್ರ ನನಗೆ ಇವತ್ತಿಗೂ ಇತ್ಯರ್ಥವಾಗಿಲ್ಲ. ಈ ಅರ್ಧ ನೆನಪಿನ ಇಂಗ್ಲಿಷೇ ಈ ಪತ್ರಕ್ಕೆ ಮೂಲ. ಏಕೆಂದರೆ ತಮ್ಮ ಇಲಾಖೆ ಕೊಟ್ಟ ಇಂಗ್ಲಿಷ್ ವಾಕ್ಯವನ್ನು ನಮ್ಮ ಭಾಷೆಗೆ ತಂದು, ಆ ಫಲಕದ ಮೇಲೆ ಕುಂಚದಲ್ಲಿ ಬರೆದವನು ನಾನೇ.

ಹೌದು. ನಾನು ನಲವತ್ತೊಂದು ವರ್ಷ ಬೋರ್ಡು ಬರೆದವನು. ಈ ಊರಿನ ಔಷಧಿ ಅಂಗಡಿ, ಹೊಲಿಗೆ ಅಂಗಡಿ, ಎರಡು ಶಾಲೆ, ಹಳೆಯ ಬಸ್ ನಿಲ್ದಾಣ, ಎಲ್ಲದರ ಹಣೆಯ ಮೇಲಿದ್ದದ್ದು ನನ್ನ ಕೈಬರಹ. ಐದು ವರ್ಷದ ಹಿಂದೆ ತಮ್ಮ ಕಚೇರಿಯ ಗುಮಾಸ್ತರು ಒಂದು ಚೀಟಿ ತಂದುಕೊಟ್ಟರು. ‘ಇನ್ ಕೇಸ್ ಆಫ್ ಲೈಟ್ನಿಂಗ್, ಲೀವ್ ದಿ ವಾಟರ್ ಇಮ್ಮೀಡಿಯೇಟ್ಲಿ.’ “ನೀವು ಕಾಲೇಜು ಓದಿದವರು, ನೀವೇ ನಮ್ಮ ಭಾಷೆಗೆ ಮಾಡಿ ಬರೆದುಬಿಡಿ” ಅಂದರು. ಕಾಲೇಜು ಓದಿದವನು ಅಂದರೆ ಎರಡು ವರ್ಷ ಹೋದವನು, ಎರಡೂ ವರ್ಷ ಇಂಗ್ಲಿಷಿನಲ್ಲಿ ಫೇಲಾದವನು. ಅದನ್ನು ನಾನು ಹೇಳಲಿಲ್ಲ. ಮೊದಲು ಪೆನ್ಸಿಲಿನಲ್ಲಿ ‘ಮಿಂಚಿದರೆ’ ಎಂದು ಬರೆದೆ. ಗುಮಾಸ್ತರು ನಕ್ಕರು. “ಮಿಂಚಿದರೆ ಅಂದ್ರೆ ಸಿನಿಮಾದವರು ಮಿಂಚಿದ ಹಾಗಿದೆ ಸ್ವಾಮಿ. ಸ್ವಲ್ಪ ಗಟ್ಟಿ ಪದ ಹಾಕಿ.” ಆಮೇಲೆ ‘ಗುಡುಗಿದರೆ’ ಎಂದು ಬರೆದು ನೋಡಿದೆ. ಈಗ ಹೇಳುವುದನ್ನು ಕೇಳಿ ತಾವು ನಗಬಹುದು, ನನಗೆ ನಗು ಬರುತ್ತಿಲ್ಲ. ಗುಡುಗು ಎಂಬ ಮೂರಕ್ಷರದಲ್ಲಿ ಮೂರಕ್ಕೂ ಕೊಂಬು. ಬೋರ್ಡು ಬರೆಯುವವರಿಗೆ ಕೊಂಬು ಎಂದರೆ ಜಾಗ ತಿನ್ನುವ ಕಾಯಿಲೆ. ಅಕ್ಷರ ಅಗಲವಾಗಿ ಬಲಕ್ಕೆ ಬಲಕ್ಕೆ ಒರಗುತ್ತದೆ, ಸಾಲು ನೆಟ್ಟಗೆ ಕೂರುವುದಿಲ್ಲ. ಸಿಡಿಲು ನೋಡಿ, ಎಷ್ಟು ಚೆಂದ. ಮೇಲೆ ಗುಡಿಸು, ಅದರ ಪಕ್ಕ ಇನ್ನೊಂದು ಗುಡಿಸು, ಕೊನೆಗೆ ಮಾತ್ರ ಒಂದು ಕೊಂಬು. ಕೆಂಪು ಬಣ್ಣದಲ್ಲಿ ಬರೆದು, ‘ಡಿ’ಯ ನೆತ್ತಿಯಿಂದ ಕೆಳಕ್ಕೆ ಹಳದಿ ಅಂಕುಡೊಂಕು ಗೆರೆ ಎಳೆದೆ. ಅಂಗಡಿಯ ಎದುರು ಒಣಗಲು ಇಟ್ಟಾಗ ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ನಾನು ಪದವನ್ನು ಆರಿಸಿದ್ದು ಅರ್ಥ ನೋಡಿ ಅಲ್ಲ. ಆಕಾರ ನೋಡಿ.

ನನ್ನ ಹೆಂಡತಿ ಇದ್ದಿದ್ದರೆ ಆ ಬೋರ್ಡು ಅಂಗಡಿಯ ಹೊಸಿಲು ದಾಟುತ್ತಿರಲಿಲ್ಲ. ಮೂವತ್ತು ವರ್ಷ ನನ್ನ ಪ್ರತಿ ಬೋರ್ಡನ್ನೂ ಕೊನೆಯ ಕೋಟಿಂಗ್‌ಗೆ ಮೊದಲು ಅವಳು ಓದುತ್ತಿದ್ದಳು. ಕಾಗುಣಿತ ನೋಡಲು ಅಲ್ಲ, ಅದನ್ನು ನಾನೇ ನೋಡುತ್ತಿದ್ದೆ. ದಾರಿಹೋಕಳ ಹಾಗೆ ಎದುರು ನಿಂತು, ಕೈಯಲ್ಲಿ ಸೌಟು ಹಿಡಿದುಕೊಂಡೇ, ಒಂದು ಪ್ರಶ್ನೆ ಕೇಳುತ್ತಿದ್ದಳು. ‘ನೋವಿಲ್ಲದೆ ಹಲ್ಲು ಕೀಳಲಾಗುತ್ತದೆ’ ಎಂದು ದಂತವೈದ್ಯರಿಗೆ ಬರೆದಾಗ, “ಯಾರಿಗೆ ನೋವಿಲ್ಲದೆ? ಡಾಕ್ಟರಿಗಾ?” ಅಂದಳು. ‘ಲಿಫ್ಟ್ ಕೆಟ್ಟಿದ್ದರೆ ಒಳಗೆ ಹೋಗಬೇಡಿ’ ಎಂದು ಬರೆದಾಗ, “ಒಳಗೆ ಹೋದ ಮೇಲೆ ಕೆಟ್ಟರೆ?” ಅಂದಳು. ಎಷ್ಟೋ ಸಲ ರೇಗಿದ್ದೇನೆ, “ನಿನ್ನಷ್ಟು ದಡ್ಡರು ಯಾರೂ ಓದಲ್ಲ ಕಣೇ” ಎಂದಿದ್ದೇನೆ. “ನನ್ನಷ್ಟು ದಡ್ಡರಿಗೂ ಅರ್ಥ ಆಗ್ಲಿ ಅಂತಾನೇ ಬೋರ್ಡು ಬರಿಯೋದು” ಅನ್ನುತ್ತಿದ್ದಳು. ತಮ್ಮ ಫಲಕ ಬರೆಯುವ ಹೊತ್ತಿಗೆ ಅವಳು ಹೋಗಿ ಎಂಟು ತಿಂಗಳಾಗಿತ್ತು. ಅವಳು ಹೋದ ಮೇಲೆ ನಾನು ಕುಂಚ ಹಿಡಿದ ಮೊದಲ ಬೋರ್ಡು ಅದು, ಯಾರೂ ಎದುರು ನಿಂತು ಓದದೆಯೇ ಅಂಗಡಿಯಿಂದ ಹೊರಗೆ ಹೋಯಿತು.

ಇನ್ನು ಸತ್ತವನ ವಿಷಯಕ್ಕೆ ಬರುತ್ತೇನೆ. ತಮ್ಮ ಕಡತದಲ್ಲಿ ಅವನು ‘ಮೃತ ವ್ಯಕ್ತಿ, ಪುರುಷ, ವಯಸ್ಸು ಐವತ್ತೆರಡು’. ನನಗೆ ಅವನು ಬಾಮೈದ, ಹೆಂಡತಿಯ ಒಬ್ಬನೇ ತಮ್ಮ. ದರ್ಜಿ. ಅಳತೆ ಟೇಪು ಕೊರಳಲ್ಲಿ ಇಲ್ಲದೆ ಅವನನ್ನು ನೋಡಿದವರು ಕಡಿಮೆ, ಊರಿನಲ್ಲಿ ಅವನನ್ನು ‘ಟೇಪು’ ಅಂತಲೇ ಕರೆಯುತ್ತಿದ್ದರು. ಅವನಿಗೆ ಮಾತು ಅಂದರೆ ಅಳತೆ. ಅರ್ಧ ಅಂಗುಲ ಬಿಗಿ ಮಾಡು ಎಂದರೆ ಅರ್ಧವೇ, ಮುಕ್ಕಾಲು ಮಾಡುವವನಲ್ಲ. ಅಕ್ಕ ಹೋದ ಮೇಲೆ ದಿನಾ ಮಧ್ಯಾಹ್ನ ನನ್ನ ಜೊತೆಯೇ ಊಟ. ನನ್ನ ಮಗಳು ಕಡಲತೀರದಲ್ಲಿ ಸರ್ಫಿಂಗ್ ಮತ್ತು ಪ್ಯಾಡಲ್ ಬೋರ್ಡ್ ಕಲಿಸುವ ಸಣ್ಣ ಶಾಲೆ ನಡೆಸುತ್ತಾಳೆ, ಅದು ತಮಗೆ ಗೊತ್ತು, ಲೈಸೆನ್ಸ್ ಕೊಟ್ಟವರು ತಾವೇ. ಗೊತ್ತಿಲ್ಲದ ಓದುಗರಿಗೆ ಹೇಳುತ್ತೇನೆ: ಸರ್ಫಿಂಗ್ ಎಂದರೆ ಹಲಗೆಯ ಮೇಲೆ ಅಲೆ ಹಿಡಿದು ಜಾರುವುದು. ಪ್ಯಾಡಲ್ ಬೋರ್ಡ್ ಎಂದರೆ ಆಳಿಗಿಂತ ಉದ್ದದ ತೇಲುವ ಹಲಗೆಯ ಮೇಲೆ ನೆಟ್ಟಗೆ ನಿಂತು, ಉದ್ದನೆಯ ಹುಟ್ಟು ಹಾಕುತ್ತಾ ನೀರಿನ ಮೇಲೆ ನಡೆದಂತೆ ಹೋಗುವುದು. ನಮ್ಮ ಮನೆಯಲ್ಲಿ ಒಂದು ಹಳೆಯ ತಮಾಷೆ: ಅಪ್ಪ ಬೋರ್ಡು ನಿಲ್ಲಿಸುತ್ತಾನೆ, ಮಗಳು ಬೋರ್ಡಿನ ಮೇಲೆ ನಿಲ್ಲುತ್ತಾಳೆ. ಹೊಲಿಗೆ ಮೆಷಿನ್ನಿಗೆ ಬಾಗಿ ಬಾಗಿ ಬೆನ್ನು ಹಿಡಿದುಹೋಗಿದ್ದ ಬಾಮೈದನಿಗೆ ಡಾಕ್ಟರು ನೆಟ್ಟಗೆ ನಿಲ್ಲುವ ವ್ಯಾಯಾಮ ಮಾಡು ಎಂದರು. ಸೋದರಸೊಸೆ ಅವನನ್ನು ಹಲಗೆ ಹತ್ತಿಸಿದಳು. ನಾಲ್ಕು ಸಲ ಬಿದ್ದ, ಐದನೆಯ ಸಲ ನಿಂತ. “ಭಾವ, ಐವತ್ತು ವರ್ಷ ಆದ ಮೇಲೆ ಒಂದು ಸಲ ನೆಟ್ಟಗೆ ನಿಂತೆ ನೋಡಿ” ಎಂದು ಅವತ್ತು ಊಟದ ಹೊತ್ತಿಗೆ ಮಗುವಿನ ಹಾಗೆ ಹೇಳಿದ.

ಆ ದಿನ ಶನಿವಾರ. ಮಧ್ಯಾಹ್ನ ಮೂರೂವರೆ. ಬಿಸಿಲು ಇತ್ತು. ಇದನ್ನು ನಾನು ತಮಗೆ ಒತ್ತಿ ಹೇಳಬೇಕು, ಏಕೆಂದರೆ ತಮ್ಮ ವರದಿಯಲ್ಲಿ ‘ಪ್ರತಿಕೂಲ ಹವಾಮಾನ’ ಎಂದಿದೆ. ನೆತ್ತಿಯ ಮೇಲೆ ಬಿಸಿಲು, ಗಾಳಿ ನಿಂತಿತ್ತು, ನೀರು ಇಸ್ತ್ರಿ ಹೊಡೆದ ಬಟ್ಟೆಯ ಹಾಗೆ ಮಲಗಿತ್ತು. ಗುಡುಗಿಗೆ ಮುಂಚಿನ ಆ ಅರ್ಧ ಗಂಟೆ ಪ್ಯಾಡಲ್ ಬೋರ್ಡಿನವರಿಗೆ ಸ್ವರ್ಗ, ಅಷ್ಟು ಸಮತಟ್ಟು ನೀರು ಬೇರೆ ಹೊತ್ತಿನಲ್ಲಿ ಸಿಗದು. ಸರ್ಫಿಂಗ್‌ನವರಿಗೋ, ದೂರದ ಬಿರುಗಾಳಿ ತಳ್ಳಿಕೊಂಡು ಬರುವ ಅಲೆಯೇ ಹಬ್ಬ. ಕೊಲ್ಲಲು ಬರುವುದು ಮೊದಲು ಆಸೆ ತೋರಿಸುತ್ತದೆ. ಪಡುವಣದ ಅಂಚಿನಲ್ಲಿ ಮಾತ್ರ ಒಂದು ಗೆರೆ ಕಪ್ಪಾಗಿತ್ತು, ಯಾರೋ ಸ್ಲೇಟಿನ ತುದಿ ಒರೆಸದೆ ಬಿಟ್ಟ ಹಾಗೆ. ಅಲ್ಲಿಂದ ಒಂದು ಸದ್ದು ಬಂತು. ಮೇಲಿನ ಮಹಡಿಯಲ್ಲಿ ಮಂಚ ಎಳೆದರೆ ಕೇಳುತ್ತದಲ್ಲ, ಅಷ್ಟೇ. ನಾನು ಮಗಳ ಶಾಲೆಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದೆ. ಅವಳು ಸೀಟಿ ಊದಿದಳು. ಕಲಿಯುವವರು ಆರು ಜನ ಹಿಂದಿರುಗಿದರು. ದಡದಿಂದ ಇನ್ನೂರು ಅಡಿ ಆಚೆ ಬಾಮೈದ ನಿಂತಿದ್ದ, ಕೈಯಲ್ಲಿ ಹುಟ್ಟು. ಸುತ್ತ ಅರ್ಧ ಮೈಲಿ ನೀರಿನಲ್ಲಿ ಅವನಿಗಿಂತ ಎತ್ತರದ ವಸ್ತು ಇನ್ನೊಂದಿರಲಿಲ್ಲ.

ಸಮತಟ್ಟು ನೀರಿನ ಮೇಲೆ ಮಾತು ಚೆನ್ನಾಗಿ ಸಾಗುತ್ತದೆ. ಅವರಿಬ್ಬರೂ ಆಡಿದ್ದು ದಡದಲ್ಲಿದ್ದ ಎಲ್ಲರಿಗೂ ಕೇಳಿಸಿತು.

“ಮಾಮಾ, ಸಾಕು, ಬಾ!”

“ಯಾಕೇ? ಈಗ ತಾನೇ ಬೆನ್ನು ಬಿಡ್ತಾ ಇದೆ!”

“ಗುಡುಗ್ತಿದೆ, ಕೇಳಿಸ್ತಿಲ್ವಾ?”

“ಗುಡುಗು ಬರೀ ಸದ್ದು ಕಣೇ! ನಿಮ್ಮಪ್ಪ ಬೋರ್ಡಲ್ಲಿ ಏನ್ ಬರ್ದಿದಾರೆ ಓದು. ಸಿಡಿಲು ಹೊಡೆದರೆ ಅಂತ. ಹೊಡೀಲಿ, ಬರ್ತೀನಿ!”

ದಡದಲ್ಲಿದ್ದವರು ನಕ್ಕರು. ನಾನೂ ನಕ್ಕೆ. ನನ್ನ ಬೋರ್ಡನ್ನು ಅಷ್ಟು ದೂರದಿಂದ ಒಬ್ಬ ನೆನಪಿಟ್ಟು ಹೇಳಿದನಲ್ಲ ಎಂದು ಒಳಗೊಳಗೆ ಉಬ್ಬಿದೆ ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ. ಮಗಳು ನಗಲಿಲ್ಲ. “ನಿಂದೊಂದು ಅಳತೆ” ಎಂದು ಬೈಯುತ್ತಾ ತನ್ನ ಹಲಗೆ ಎಳೆದುಕೊಂಡು ಮೊಣಕಾಲುದ್ದ ನೀರಿಗೆ ಇಳಿದಳು, ಅವನನ್ನು ಕರೆತರಲು.

ಆಮೇಲಿನದು ಸದ್ದಲ್ಲ, ಬೆಳಕೂ ಅಲ್ಲ. ಲೋಕವನ್ನು ಯಾರೋ ಒಂದು ಕ್ಷಣ ಸುಣ್ಣ ಬಳಿದು ಅಳಿಸಿದ ಹಾಗಾಯಿತು. ಮತ್ತೆ ಕಣ್ಣು ಕಂಡಾಗ ಹಲಗೆ ಅಲ್ಲೇ ಇತ್ತು, ಮೆಲ್ಲಗೆ ತಿರುಗುತ್ತಿತ್ತು, ಮೇಲೆ ಯಾರೂ ಇರಲಿಲ್ಲ. ನೆತ್ತಿಯ ಮೇಲೆ ಇನ್ನೂ ಬಿಸಿಲು. ಮಗಳು ನೀರಿನಲ್ಲಿ ಮುಖ ಕೆಳಗಾಗಿ ಬಿದ್ದಿದ್ದಳು. ಅವಳನ್ನು ನಾವು ಎಳೆದುಕೊಂಡೆವು. ಅವನನ್ನು ಮೀನುಗಾರರು ತಂದರು, ಮುಕ್ಕಾಲು ಗಂಟೆಯ ಮೇಲೆ. ಮಗಳು ಬದುಕಿದಳು. ಎಡಗಿವಿ ಹೋಯಿತು. ಆ ಕಿವಿಯಲ್ಲಿ ಈಗ ಹಗಲೂ ರಾತ್ರಿ ಒಂದು ಸಿಳ್ಳು ಮಾತ್ರ. ಸದ್ದು ಯಾವ ದಿಕ್ಕಿನಿಂದ ಬಂತು ಎಂದು ಅವಳಿಗೆ ತಿಳಿಯದು, ದೂರದ ಗುಡುಗಂತೂ ಎಷ್ಟೋ ಸಲ ಕೇಳಿಸುವುದೇ ಇಲ್ಲ. ಈಗ ಅವಳು ಕಲಿಸುವಾಗ ಬಲಗಿವಿಯನ್ನು ಸಮುದ್ರದ ಕಡೆ ಮಾಡಿ, ಮುಖ ಓರೆ ಮಾಡಿ ನಿಲ್ಲುತ್ತಾಳೆ. ಹೊಸಬರು ಅದನ್ನು ಜಂಬ ಅಂದುಕೊಳ್ಳುತ್ತಾರೆ.

ಒಂದು ತಿಂಗಳಿಗೆ ತಮ್ಮ ವರದಿ ಬಂತು. ‘ಫಲಕದಲ್ಲಿ ಸ್ಪಷ್ಟ ಸೂಚನೆ ಇದ್ದಾಗ್ಯೂ ಮೃತರು ಅದನ್ನು ನಿರ್ಲಕ್ಷಿಸಿ ನೀರಿನಲ್ಲಿಯೇ ಉಳಿದದ್ದು ಘಟನೆಗೆ ಕಾರಣ.’ ಮಾನ್ಯರೇ, ನಾನು ಜೀವಮಾನದಲ್ಲಿ ಬಹಳ ಸುಳ್ಳು ಬೋರ್ಡುಗಳನ್ನು ಬರೆದಿದ್ದೇನೆ. ‘ಇಲ್ಲಿ ಎಲ್ಲವೂ ಶುದ್ಧ’ ಎಂದು ಬರೆದಿದ್ದೇನೆ, ‘ಖಾತ್ರಿ’ ಎಂದು ಬರೆದಿದ್ದೇನೆ. ಇಷ್ಟು ನುಣುಪಾದ ಸುಳ್ಳನ್ನು ಬರೆದಿಲ್ಲ. ಅವನು ಫಲಕವನ್ನು ನಿರ್ಲಕ್ಷಿಸಲಿಲ್ಲ. ಈ ಊರಿನಲ್ಲಿ ಅದನ್ನು ಅಕ್ಷರ ಅಕ್ಷರ ಪಾಲಿಸಿದವನು ಅವನೊಬ್ಬನೇ. ಹೊಡೆದರೆ ಬಾ ಎಂದಿತ್ತು, ಹೊಡೆಯಲಿ ಎಂದು ಕಾದ. ಹೊಡೆಯಿತು.

ವರದಿ ಹಿಡಿದು ತಮ್ಮ ಕಚೇರಿಗೆ ಬಂದೆ. ಎರಡನೆಯ ಮಹಡಿ, ಉದ್ದ ಮೇಜು, ಮೇಜಿನ ಗಾಜಿನ ಕೆಳಗೆ ಹಳೆಯ ಕ್ಯಾಲೆಂಡರಿನ ಸಮುದ್ರದ ಚಿತ್ರ. ಗುಮಾಸ್ತರು ಕುರ್ಚಿ ಕೊಟ್ಟರು, ನೀರು ಕೊಟ್ಟರು, ಒಳ್ಳೆಯ ಮನುಷ್ಯ. ನನ್ನ ಮಾತೆಲ್ಲ ಕೇಳಿ ದನಿ ತಗ್ಗಿಸಿ ಹೇಳಿದರು: “ಹಿರಿಯರೇ, ನೀವು ಹೇಳೋದು ನನಗೆ ಅರ್ಥ ಆಗತ್ತೆ. ಆದ್ರೆ ಬೋರ್ಡು ಬದಲಾಯಿಸಿದ್ರೆ ಬೋರ್ಡು ತಪ್ಪು ಅಂದ ಹಾಗಾಯ್ತು. ಬೋರ್ಡು ತಪ್ಪು ಅಂದ್ರೆ ರಿಪೋರ್ಟ್ ತಪ್ಪು. ರಿಪೋರ್ಟ್ ಕ್ಲೋಸ್ ಆಗಿದೆ.” ಕ್ಲೋಸ್ ಎಂಬ ಪದಕ್ಕೆ ಹತ್ತಿರ ಎಂಬ ಅರ್ಥವೂ ಉಂಟು ಎಂದು ನಮಗೆ ಹೇಳಿಕೊಟ್ಟಿದ್ದರು. ಎರಡರಲ್ಲಿ ಯಾವುದು ಎಂದು ಕೇಳಬೇಕೆನ್ನಿಸಿತು.

ಆಮೇಲೆ ತಾವೇ ಆರು ನಿಮಿಷ ದರ್ಶನ ಕೊಟ್ಟಿರಿ. “ಜನಕ್ಕೆ ಸ್ವಲ್ಪ ಕಾಮನ್ ಸೆನ್ಸ್ ಬೇಡ್ವಾ?” ಎಂದು ಕೇಳಿದಿರಿ. ಬೇಕು ಮಾನ್ಯರೇ. ಆದರೆ ಕಾಮನ್ ಸೆನ್ಸ್ ಇರುವವರಿಗೆ ಫಲಕವೇ ಬೇಡ. ಫಲಕ ನಿಲ್ಲಿಸುವುದೇ ಆ ಹೊತ್ತಿನಲ್ಲಿ ಅದು ಕೈಕೊಡುವವರಿಗೆ: ಬೆನ್ನು ನೋವು ಬಿಟ್ಟ ಖುಷಿಯಲ್ಲಿರುವವರಿಗೆ, ಇನ್ನೊಂದೇ ಅಲೆ ಎನ್ನುವವರಿಗೆ, ಬಿಸಿಲಿದೆಯಲ್ಲ ಎನ್ನುವವರಿಗೆ. ಗುಡುಗು ಕಿವಿಗೆ ಬಿದ್ದಿತೆಂದರೆ ಸಿಡಿಲಿನ ಕೈ ನಮಗೆ ಎಟಕುವಷ್ಟು ದೂರದಲ್ಲೇ ಇದೆ ಎಂದರ್ಥ. ಮೋಡ ನೆತ್ತಿಗೆ ಬರಬೇಕಿಲ್ಲ, ಒಂದು ಹನಿ ಮಳೆ ಬೀಳಬೇಕಿಲ್ಲ. ಇದನ್ನು ಆಸ್ಪತ್ರೆಯಲ್ಲಿ ಮಗಳನ್ನು ನೋಡಿದ ಡಾಕ್ಟರು ನನಗೆ ಹೇಳಿದರು. ಅವರಿಗೆ ಗೊತ್ತಿದ್ದದ್ದು ತಮಗೆ ಗೊತ್ತಿರಲಿಲ್ಲವೇ? ಗೊತ್ತಿದ್ದರೆ ಐದು ವರ್ಷ ದಿನಾ ಆ ಫಲಕದ ಎದುರು ಕಾರು ನಿಲ್ಲಿಸಿದ ತಾವು ಒಮ್ಮೆಯಾದರೂ ಅದನ್ನು ಓದಲಿಲ್ಲವೇ? ಕೊನೆಯ ನಿಮಿಷದಲ್ಲಿ ತಾವು ಒಂದು ಮಾತು ಹೇಳಿದಿರಿ. “ಪದ ಆರಿಸಿದ್ದು ನಾನೇ, ತಪ್ಪು ನಂದೇ ಅಂತ ನೀವು ಬರೆದುಕೊಟ್ರೆ, ನೋಡೋಣ.” ನಾನು ಎದ್ದು ಬಂದೆ. ಯಾಕೆ ಎದ್ದು ಬಂದೆ ಎಂದು ಆಮೇಲೆ ಹೇಳುತ್ತೇನೆ.

ನಾಲ್ಕು ದಿನ ಬಿಟ್ಟು ಬೆಳಿಗ್ಗೆ ಆರೂವರೆಗೆ ಡಬ್ಬಿ, ಕುಂಚ, ಏಣಿ ತೆಗೆದುಕೊಂಡು ಕಡಲತೀರಕ್ಕೆ ಹೋದೆ. ‘ಸಿಡಿಲು ಹೊಡೆದರೆ’ ಎಂಬುದರ ಮೇಲೆ ಬಿಳಿ ಬಳಿದು, ‘ಗುಡು’ ಎನ್ನುವವರೆಗೆ ಬರೆದಿದ್ದೆ. ಗಾರ್ಡು ಓಡಿ ಬಂದ.

“ತಾತಾ, ಇಳೀರಿ ಕೆಳಗೆ. ಸರ್ಕಾರಿ ಬೋರ್ಡು ಅದು.”

“ನಾನೇ ಬರೆದಿದ್ದಪ್ಪಾ.”

“ಬರೆಯೋವಾಗ ನಿಮ್ಮದು ತಾತಾ. ನೆಟ್ಟ ಮೇಲೆ ಸರ್ಕಾರದ್ದು.”

ತಾವು ಕೇಳಿದ್ದರೆ ಒಪ್ಪುತ್ತಿದ್ದಿರಿ, ತಮ್ಮ ಇಡೀ ಇಲಾಖೆಯಲ್ಲಿ ಇಷ್ಟು ಸ್ಪಷ್ಟವಾದ ವಾಕ್ಯ ಬೇರೊಂದಿಲ್ಲ. ಸಾರ್ವಜನಿಕ ಆಸ್ತಿ ಕೆಡಿಸಿದ್ದಕ್ಕೆ ನನ್ನ ಮೇಲೆ ದೂರು ದಾಖಲಾಯಿತು. ಹನ್ನೆರಡು ತಿಂಗಳಲ್ಲಿ ಒಂದು ಪದ ಬದಲಾಯಿಸಲಾರದ ಕಚೇರಿ ಹತ್ತೇ ದಿನದಲ್ಲಿ ಹಳೆಯ ಫೋಟೋ ಹುಡುಕಿ, ನನ್ನ ಅಕ್ಷರಗಳನ್ನು ಕಂಪ್ಯೂಟರಿಗೆ ಏರಿಸಿ, ಫ್ಲೆಕ್ಸಿನಲ್ಲಿ ಹೊಸ ಫಲಕ ಮಾಡಿಸಿತು. ಹಳದಿ ಅಂಕುಡೊಂಕು ಗೆರೆಯೂ ಸೇರಿ. ಮಾಡಿಸಿದ್ದು ಒಂದಲ್ಲ, ಒಂಬತ್ತು. ಈ ಸಾಲಿನ ಒಂಬತ್ತು ಕಡಲತೀರಗಳಲ್ಲಿ ಈಗ ನನ್ನ ತಪ್ಪು ನಿಂತಿದೆ, ಮಳೆಗೆ ಬಣ್ಣ ಬಿಡದ ಹಾಗೆ. ಪ್ರತಿಯೊಂದೂ ಕಬ್ಬಿಣದ ಕಂಬದ ಮೇಲೆ. ಪ್ರತಿಯೊಂದರ ಪಕ್ಕದಲ್ಲೂ ಗೋಡೆಯಿಲ್ಲದ ತಗಡಿನ ಮಾಡು, ‘ಆಶ್ರಯ’ ಎಂದು ಬೇರೆ ಬರೆದಿದ್ದೀರಿ. ಅದನ್ನು ನಾನು ಬರೆದಿಲ್ಲ.

ಅಲ್ಲಿಗೂ ನಿಲ್ಲಲಿಲ್ಲ. ಸುರಕ್ಷತೆ ಬಿಗಿ ಮಾಡುತ್ತೇವೆ ಎಂದು ಹೊಸ ನಿಯಮ ತಂದಿರಿ. ನೀರಿಗೆ ಇಳಿಯುವ ಮೊದಲು ಕಲಿಯುವವರೆಲ್ಲ ಫಲಕದ ಮುಂದೆ ನಿಂತು ಗಟ್ಟಿಯಾಗಿ ಓದಬೇಕು, ಓದಿ ಅರ್ಥ ಮಾಡಿಕೊಂಡಿದ್ದೇವೆ ಎಂದು ಸಹಿ ಹಾಕಬೇಕು. ಈಗ ದಿನಾ ಬೆಳಿಗ್ಗೆ ಏಳಕ್ಕೆ ನನ್ನ ಸ್ಟೂಲಿನ ಎದುರು ಎಂಟು ಹತ್ತು ದನಿ ಒಟ್ಟಿಗೆ ಏಳುತ್ತವೆ: ಸಿಡಿಲು ಹೊಡೆದರೆ ಕೂಡಲೇ ನೀರಿನಿಂದ ಹೊರಗೆ ಬನ್ನಿ. ತನ್ನ ಸೋದರಮಾವನನ್ನು ಕೊಂದ ವಾಕ್ಯವನ್ನು ನನ್ನ ಮಗಳು ದಿನಾ ಓದಿಸುತ್ತಾಳೆ, ಸಹಿ ತೆಗೆದುಕೊಳ್ಳುತ್ತಾಳೆ. ಆಮೇಲೆ ಹೇಳುತ್ತಾಳೆ: “ಓದಿದ್ರಲ್ಲ? ಈಗ ಅದನ್ನ ಮರೀರಿ. ಗುಡುಗು ಕೇಳಿದ್ರೆ ಸಾಕು, ನಾನು ಕರೆಯೋದನ್ನ ಕಾಯಬೇಡಿ, ನನಗೆ ಕೇಳಿಸದೇ ಇರಬಹುದು. ಹಲಗೆ ಬಿಟ್ಟು ಬಂದ್ರೂ ಪರವಾಗಿಲ್ಲ, ಬನ್ನಿ.” ಇದಕ್ಕೆ ತಮ್ಮಿಂದ ನೋಟಿಸು ಬಂದಿದೆ. ‘ಅಧಿಕೃತ ಸೂಚನೆಗೆ ವಿರುದ್ಧವಾಗಿ ಬೋಧಿಸುತ್ತಿರುವುದರಿಂದ ಪರವಾನಗಿ ಏಕೆ ರದ್ದುಪಡಿಸಬಾರದು?’ ಹದಿನೈದು ದಿನದೊಳಗೆ ಉತ್ತರ ಕೊಡಬೇಕಂತೆ. ಹದಿನೈದನೆಯ ದಿನದ ಹೊತ್ತಿಗೆ ಗುಡುಗಿನ ಕಾಲ ಬಂದಿರುತ್ತದೆ.

“ಮುಚ್ಚಿಬಿಡು ಪುಟ್ಟೀ” ಎಂದೆ ನಾನು. ಅವಳಿಗೆ ಮೂವತ್ತನಾಲ್ಕು, ನನಗೆ ಇನ್ನೂ ಪುಟ್ಟಿ.

“ನಾನು ಮುಚ್ಚಿದ್ರೆ ಅವರು ಆ ಕಡೆ ತುದಿಯ ಶಾಲೆಗೆ ಹೋಗ್ತಾರಪ್ಪ. ಅಲ್ಲಿ ಬೋರ್ಡು ಓದಿಸಿ ನೀರಿಗೆ ಬಿಡ್ತಾರೆ. ಅಷ್ಟೇ ಹೇಳ್ತಾರೆ.”

ಅದು ಎಷ್ಟು ನಿಜ ಎಂದು ಮೊನ್ನೆ ಬುಧವಾರ ಕಣ್ಣಾರೆ ನೋಡಿದೆ. ಸಂಜೆ ನಾಲ್ಕೂಕಾಲು. ಈ ವರ್ಷದ ಮೊದಲ ಗುಡುಗು, ಕಾಲಕ್ಕೆ ಮೊದಲೇ, ಬಹಳ ದೂರದಿಂದ. ಮಗಳಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು. ಕೈ ಎತ್ತಿದೆ, ಅವಳು ಸೀಟಿ ಊದುವ ಮೊದಲೇ ಅವಳ ಐದೂ ಜನ ಹೊರಟರು. ಒಬ್ಬಾಕೆ ಹಲಗೆಯನ್ನೇ ಬಿಟ್ಟು ಈಜಿ ಬಂದಳು. ಆ ಕಡೆ ತುದಿಯಲ್ಲಿ ಒಂಬತ್ತು ಜನ ಇದ್ದರು, ಎಲ್ಲರೂ ನೆಟ್ಟಗೆ ನಿಂತವರು. ಅವರೂ ಗುಡುಗು ಕೇಳಿದರು, ಏಕೆಂದರೆ ಒಂಬತ್ತೂ ತಲೆ ಒಟ್ಟಿಗೆ ಪಡುವಣಕ್ಕೆ ತಿರುಗಿತು. ಆಮೇಲೆ ಒಬ್ಬ ದಡದ ಕಡೆ ನೋಡಿದ, ಫಲಕದ ಕಡೆ. ಅಷ್ಟು ದೂರದಿಂದಲೂ ಓದಬಹುದು, ಅಷ್ಟು ಚೆನ್ನಾಗಿ ಬರೆದಿದ್ದೇನೆ. ಓದಿ, ಏನೋ ಹೇಳಿದ. ಉಳಿದವರು ನಕ್ಕರು. ಒಂಬತ್ತು ಜನವೂ ಅಲ್ಲೇ ನಿಂತರು, ಕಾಯುತ್ತಾ. ನಾನು ಕೂಗಿದೆ, ಅಂಗಿ ಬಿಚ್ಚಿ ಬೀಸಿದೆ. ಒಬ್ಬ ನನಗೆ ವಾಪಸು ಕೈ ಬೀಸಿದ. ಇಪ್ಪತ್ತೆರಡು ನಿಮಿಷ ಹಾಗೇ ನಿಂತಿದ್ದರು. ಅವತ್ತು ಮೋಡ ಬೇರೆ ಕಡೆ ಹೋಯಿತು. ಹೋದದ್ದು ತಮ್ಮ ಕಚೇರಿಯ ಆದೇಶದಿಂದಲ್ಲ.

ಇನ್ನು ಎದ್ದು ಬಂದ ವಿಷಯ. ತಪ್ಪು ನನ್ನದು ಎಂದು ಬರೆದುಕೊಡಲು ತಾವು ಹೇಳಿದಾಗ ನಾನು ಹೆದರಿದ್ದು ತಮಗಲ್ಲ, ದೂರಿಗಲ್ಲ. ಮಗಳಿಗೆ. ಆ ಪದ ಕಚೇರಿಯವರೇ ಕೊಟ್ಟದ್ದು ಎಂದು ಒಂದು ವರ್ಷ ಅವಳನ್ನು ನಂಬಿಸಿದ್ದೆ. ಕೊಂಬಿನ ಕಥೆ, ಆಕಾರದ ಕಥೆ ಹೇಳಿರಲಿಲ್ಲ. ಬುಧವಾರ ಸಂಜೆ ಅಡುಗೆಮನೆಯಲ್ಲಿ ಅವಳು ತರಕಾರಿ ಹೆಚ್ಚುತ್ತಿದ್ದಾಗ, ಅವಳ ಬಲಗಿವಿಯ ಕಡೆಗೆ ಹೋಗಿ ನಿಂತು, ಎಲ್ಲ ಹೇಳಿದೆ. ಅವಳು ಚಾಕು ಕೆಳಗಿಡಲಿಲ್ಲ.

“ಗೊತ್ತಿತ್ತಪ್ಪ” ಅಂದಳು. “ನಿನ್ನ ಪೆನ್ಸಿಲ್ ಚೀಟಿ ಅಂಗಡಿ ಡ್ರಾಯರಲ್ಲಿ ಸಿಕ್ಕಿತ್ತು. ಗುಡುಗು ಅಂತ ಬರೆದು ನೀನೇ ಹೊಡೆದು ಹಾಕಿದ್ದೆ.”

“ಮತ್ತೆ ಒಂದು ವರ್ಷ ಯಾಕೆ ಕೇಳಲಿಲ್ಲ?”

“ಕೇಳಿದ್ರೆ ಮಾಮ ಬರ್ತಾನಾ? ಅತ್ತಿದ್ದು ಸಾಕು. ಏನು ಬರೆದುಕೊಡಬೇಕೋ ಬರೆದುಕೊಡು. ಬೋರ್ಡು ಬದಲಾಗ್ಲಿ.”

ಆದ್ದರಿಂದ, ಮಾನ್ಯರೇ, ತಾವು ಕೇಳಿದ್ದನ್ನು ಇದೋ ಬರೆದುಕೊಡುತ್ತಿದ್ದೇನೆ, ತಮ್ಮ ಒಬ್ಬರ ಕಡತಕ್ಕಲ್ಲ, ಎಲ್ಲರ ಕಣ್ಣೆದುರಿಗೆ. ‘ಸಿಡಿಲು’ ಎಂಬ ಪದವನ್ನು ಆರಿಸಿದ್ದು ನಾನು. ‘ಗುಡುಗು’ ಎಂದು ಬರೆದು, ಅಂದಕ್ಕಾಗಿ ಹೊಡೆದು ಹಾಕಿದವನೂ ನಾನು. ಅದನ್ನು ಓದದೆ ಮುದ್ರೆ ಒತ್ತಿದ್ದು ಮಾತ್ರ ತಾವು, ಅಷ್ಟನ್ನು ತಾವು ಬರೆದುಕೊಡಿ ಎಂದು ನಾನು ಕೇಳುವುದಿಲ್ಲ. ನನಗೆ ಬೇಕಾದದ್ದು ಇಷ್ಟು. ಇನ್ನು ಹತ್ತು ದಿನದೊಳಗೆ ಒಂಬತ್ತು ಫಲಕಗಳೂ ಇಳಿಯಬೇಕು. ಅವುಗಳ ಜಾಗದಲ್ಲಿ ಹೀಗೆ ಬರೆಯಿಸಬೇಕು: ‘ಗುಡುಗು ಕೇಳಿಸಿದ ಕೂಡಲೇ ನೀರು ಬಿಟ್ಟು ಹೊರಗೆ ಬನ್ನಿ. ಬಿಸಿಲಿದ್ದರೂ ಬನ್ನಿ. ಗೋಡೆಯಿರುವ ಕಟ್ಟಡದ ಒಳಗೆ ಅಥವಾ ಬಾಗಿಲು ಮುಚ್ಚಿದ ಕಾರಿನ ಒಳಗೆ ಹೋಗಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ನೀರಿಗೆ ಇಳಿಯಬೇಡಿ.’ ಬರೆದ ಮೇಲೆ ನೆಡುವ ಮೊದಲು, ತಮ್ಮ ಕಚೇರಿಯಲ್ಲಿ ಇಂಗ್ಲಿಷ್ ಬಾರದ ಒಬ್ಬರನ್ನು ಎದುರು ನಿಲ್ಲಿಸಿ ಓದಿಸಬೇಕು, ಅವರು ಕೇಳುವ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಮತ್ತೆ ಬರೆಯಿಸಬೇಕು. ತಗಡಿನ ಮಾಡಿನ ಮೇಲಿನ ‘ಆಶ್ರಯ’ವನ್ನು ಅಳಿಸಬೇಕು. ಮಗಳಿಗೆ ಕೊಟ್ಟ ನೋಟಿಸು ಹಿಂದಕ್ಕೆ ಪಡೆಯಬೇಕು. ಮತ್ತು ವರದಿಯಲ್ಲಿ ‘ಮೃತರು ಅದನ್ನು ನಿರ್ಲಕ್ಷಿಸಿ’ ಎಂದಿರುವ ಕಡೆ ‘ಮೃತರು ಅದನ್ನು ಪಾಲಿಸಿ’ ಎಂದು ತಿದ್ದಬೇಕು. ಒಂದೇ ಪದ. ಜಾಗ ಹೆಚ್ಚು ಬೇಕಾಗುವುದಿಲ್ಲ, ನಾನು ಅಳತೆ ಹಾಕಿ ನೋಡಿದ್ದೇನೆ.

ಅಲ್ಲಿಯವರೆಗೆ ದಿನಾ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ನಾನು ಆ ಫಲಕದ ಕೆಳಗೆ ನಿಂತು ಬಂದವರಿಗೆಲ್ಲ ಅದನ್ನು ನಂಬಬೇಡಿ ಎಂದು ಹೇಳುತ್ತೇನೆ. ಬೇಕಾದರೆ ಇನ್ನೊಂದು ದೂರು ಹಾಕಿ. ಬೇಗ ಮಾಡಿ ಎನ್ನುವುದಕ್ಕೆ ಒಂದೇ ಕಾರಣ. ಒಂಬತ್ತು ತೀರಗಳಲ್ಲಿ ಎಂಟರಲ್ಲಿ ಹಾಗೆ ಹೇಳಲು ಯಾರೂ ನಿಂತಿಲ್ಲ. ಇರುವ ಒಂದರಲ್ಲಿ ಮಗಳಿಗೆ ಒಂದೇ ಕಿವಿ. ನನಗೆ ಎಪ್ಪತ್ತೊಂದು ತುಂಬಿತು, ನಿನ್ನೆ ಬಾಗಿಲು ಬಡಿದದ್ದು ನನಗೆ ಕೇಳಿಸಲಿಲ್ಲ.

ಇಂತಿ,
ತಪ್ಪನ್ನು ಅಂದವಾಗಿ ಬರೆದ ಕೈಯವನು,
ಸತ್ತವನ ಭಾವ